ಕಾಡಿಗೆ ಕೂಗಳತೆ, ಡಿಜೆ ಸಮೇತ

ಬಂಡೀಪುರ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 874 ಚದರ ಕಿಲೋಮೀಟರ್ ಅಂತ ಸರ್ಕಾರಿ ದಾಖಲೆ ಹೇಳುತ್ತದೆ. ಪಾಪ, ದಾಖಲೆ ಬರೆದವರು ರೂಮು ಬುಕ್ ಮಾಡುವ ಆ್ಯಪ್ ನೋಡಿಲ್ಲ. ಆ್ಯಪ್ ಪ್ರಕಾರ ಬಂಡೀಪುರ ನಂಜನಗೂಡು ದಾಟುತ್ತಿದ್ದಂತೆ ಶುರುವಾಗಿ, ತೆಂಕಣಕ್ಕೆ ಊಟಿ ಘಾಟಿಯ ಬುಡ, ಪಡುವಣಕ್ಕೆ ಸುಲ್ತಾನ್ ಬತ್ತೇರಿಯ ಬಸ್ ನಿಲ್ದಾಣದವರೆಗೂ ಹಬ್ಬಿದೆ. 1973ರಲ್ಲಿ ಹುಲಿ ಯೋಜನೆಗೆ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಐವತ್ತು ವರ್ಷದಲ್ಲಿ ಹುಲಿಗೆ ಸಿಕ್ಕ ಜಾಗಕ್ಕಿಂತ ಹುಲಿಯ ಹೆಸರಿಗೆ ಸಿಕ್ಕ ಜಾಗವೇ ದೊಡ್ಡದು.

ರೆಸಾರ್ಟುಗಳೆಲ್ಲ ಕಾಡಿಗೆ 'ಕೂಗಳತೆ ದೂರ'ದಲ್ಲೇ ಇವೆ. ಸುಳ್ಳೇನಲ್ಲ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಯಾವ ಕಡೆ ತಿರುಗಿ ಕೂಗಿದರೂ ಕಾಡಿಗೆ ಕೇಳಿಸುತ್ತದೆ. ಕುಂದಕೆರೆ ಕಡೆಯೂ ಕಾಡೇ, ಓಂಕಾರದ ಕಡೆಯೂ ಕಾಡೇ. ಆದರೆ ನೀವು ಕಾಡಿಗೆ ಹೋಗುವುದು ಕೂಗಿಕೊಂಡಲ್ಲ, ಟಿಕೆಟ್ ತೆಗೆದುಕೊಂಡು. ಆ ಟಿಕೆಟ್ ಸಿಗುವುದು, ಬಂಡೀಪುರದ ಸಫಾರಿ ಗಾಡಿ ಹೊರಡುವುದು ಊಟಿ ರಸ್ತೆಯ ಮೇಲುಕಾಮನಹಳ್ಳಿಯಲ್ಲಿ. ಹಿಂದೆ ಕೌಂಟರು ಬಂಡೀಪುರ ಕ್ಯಾಂಪಸ್ಸಿನಲ್ಲೇ ಇತ್ತು. ಕಾಡಿನ ಹೊಟ್ಟೆಯೊಳಗೆ ದಿನಾ ಜಾತ್ರೆ ಬೇಡ ಅಂತ ಅರಣ್ಯ ಇಲಾಖೆ ಅದನ್ನು ಅಂಚಿಗೆ ತಂದಿತು. ಹಳೇ ಮಾಹಿತಿ ನಂಬಿ ಕ್ಯಾಂಪಸ್‌ವರೆಗೆ ಹೋದವರು ಇವತ್ತಿಗೂ ಅಲ್ಲಿನ ಮುಸುವಗಳಿಗೆ ದರ್ಶನ ಕೊಟ್ಟು ವಾಪಸ್ ಬರುತ್ತಾರೆ. ಹಾಗಾಗಿ ರೆಸಾರ್ಟಿಗೆ ಫೋನ್ ಹಚ್ಚಿದಾಗ 'ಕಾಡಿಗೆ ಎಷ್ಟು ದೂರ' ಅಂತ ಕೇಳುವುದು ವ್ಯರ್ಥ. 'ನಿಮ್ಮ ಗೇಟಿನಿಂದ ಮೇಲುಕಾಮನಹಳ್ಳಿ ಕೌಂಟರಿಗೆ ರಸ್ತೆಯಲ್ಲಿ ಎಷ್ಟು ಕಿಲೋಮೀಟರ್, ಅದರಲ್ಲಿ ಮಣ್ಣು ರಸ್ತೆ ಎಷ್ಟು' ಅಂತ ಕೇಳಿ. ಆ ಕಡೆ ಸ್ವಲ್ಪ ಹೊತ್ತು ಮೌನ ಇರುತ್ತದೆ. ಆಮೇಲೆ, 'ಸರ್, ನಮ್ಮಲ್ಲಿ ಇನ್ಫಿನಿಟಿ ಪೂಲ್ ಇದೆ' ಅನ್ನುತ್ತಾರೆ.

ಪೂಲು ಇರಲಿ, 'ಫಾರೆಸ್ಟ್ ವ್ಯೂ' ವಿಷಯಕ್ಕೆ ಬರೋಣ. ಹಂಗಳದ ಸುತ್ತಮುತ್ತ ಈ ಹೆಸರಿನ ರೂಮಿನ ಪರದೆ ಸರಿಸಿದರೆ ಮೊದಲು ಕಾಣುವುದು ಅರಿಶಿನದ ಹೊಲ. ಅದರಾಚೆ ಸಾಂಬಾರ್ ಈರುಳ್ಳಿ. ಅದರಾಚೆ ಬಾಳೆ. ಬಾಳೆಯಾಚೆ ಸೋಲಾರ್ ಬೇಲಿ, ಬೇಲಿಯಾಚೆ ಆನೆ ಕಂದಕ, ಕಂದಕದಾಚೆ ಲಂಟಾನ ಎಂಬ ಕಳೆಯ ಪೊದೆ. ಲಂಟಾನದಾಚೆ, ದೇವರು ದೊಡ್ಡವನು, ಕಾಡು. ಮುಂಗಾರು ಹಂಗಾಮಿನಲ್ಲಿ ಬಂದರೆ ಚೆಂಡು ಹೂವು, ಸೂರ್ಯಕಾಂತಿ ಅರಳಿರುತ್ತವೆ, ನೋಟಕ್ಕೆ ಚೆಂದವೇ. ಆದರೆ ಅದು ರೈತರ ಬೆಳೆ. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಹಂದಿ ಓಡಿಸಿದವನಿಗೆ ನಿಮ್ಮ ವ್ಯೂ ಚಾರ್ಜಿನಲ್ಲಿ ಬಿಡಿಗಾಸೂ ಹೋಗುವುದಿಲ್ಲ. ಅವನ ಅಟ್ಟಣೆಯದೇ ದುಬಾರಿ ತದ್ರೂಪು ರೆಸಾರ್ಟಿನ ಮೂಲೆಯಲ್ಲಿದೆ, ಹೆಸರು 'ವಾಚ್ ಟವರ್'. ಏಣಿಗೆ ಎಲ್ಇಡಿ ಸರ ಸುತ್ತಿರುತ್ತಾರೆ. ಮೇಲೆ ಹತ್ತಿದರೆ ಪಕ್ಕದ ರೆಸಾರ್ಟಿನ ವಾಚ್ ಟವರ್ ಕಾಣುತ್ತದೆ, ಅಲ್ಲಿಂದ ನಿಮ್ಮಂಥವರೇ ಕೈ ಬೀಸುತ್ತಿರುತ್ತಾರೆ.

ಗೇಟಿನ ಬಳಿಯ ಫೈಬರ್ ಹುಲಿಯನ್ನೂ ಮರೆಯಬಾರದು. ಬಾಯಿ ತೆರೆದಿದೆ, ಬಾಲದ ತುದಿ ಮುರಿದು ಒಳಗಿನ ಕಂಬಿ ಕಾಣುತ್ತಿದೆ, ಬೆನ್ನಿನ ಮೇಲಿನ ಪಟ್ಟೆ ಮಕ್ಕಳ ಚಡ್ಡಿಗೆ ಉಜ್ಜಿ ಉಜ್ಜಿ ಮಾಸಿದೆ. ಒಂದು ವಾರಾಂತ್ಯದಲ್ಲಿ ಈ ಹುಲಿ ಕೊಡುವಷ್ಟು ದರ್ಶನವನ್ನು 874 ಚದರ ಕಿಲೋಮೀಟರಿನ ಹುಲಿಗಳೆಲ್ಲ ಸೇರಿದರೂ ಕೊಡಲಾರವು.

ಕಬಿನಿಯಲ್ಲಿ ಮಾರಾಟಕ್ಕಿರುವುದು 'ರಿವರ್ ವ್ಯೂ'. ಇಲ್ಲಿ ಕ್ಯಾಲೆಂಡರು ನೋಡದೆ ದುಡ್ಡು ಕಟ್ಟಬೇಡಿ. ಅದು ನದಿಗಿಂತ ಹೆಚ್ಚಾಗಿ ಬೀಚನಹಳ್ಳಿ ಅಣೆಕಟ್ಟೆಯ ಹಿನ್ನೀರು. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಜಗುಲಿಗೆ ಮುತ್ತಿಡುವಷ್ಟು ಹತ್ತಿರ ಬರುತ್ತದೆ. ಆದರೆ ಆಗ ಕಾಡಿನೊಳಗೆಲ್ಲ ನೀರು, ಮೇವು ಎರಡೂ ಇರುವುದರಿಂದ ಆನೆಗೆ ದಡಕ್ಕೆ ಬರುವ ಕರ್ಮವಿಲ್ಲ. ಮಾರ್ಚ್ ಕಳೆದು ನೀರು ಹಿಂದೆ ಸರಿದು ಎಳೆ ಹುಲ್ಲು ಎದ್ದಾಗ ಆನೆ ಹಿಂಡು ಹಿಂಡಾಗಿ ಬಯಲಿಗೆ ಇಳಿಯುತ್ತವೆ. ಆಗ ನಿಮ್ಮ ರಿವರ್ ವ್ಯೂ ರೂಮಿನ ಮುಂದೆ ಒಡೆದ ಕೆಸರು, ಅದರಾಚೆ ಹುಲ್ಲು, ಅದರಾಚೆ ಬೆಳ್ಳಿ ಗೆರೆಯ ಹಾಗೆ ನೀರು. ಎರಡೂ ಒಟ್ಟಿಗೆ ಬೇಕು, ನೀರು ಕಾಲ ಬುಡದಲ್ಲಿ, ಆನೆ ಕಣ್ಣ ಮುಂದೆ ಅಂದರೆ ಅದು ಬ್ರೋಷರಿನಲ್ಲಿ ಮಾತ್ರ ಸಾಧ್ಯ. ಎರಡು ಬೇರೆ ಬೇರೆ ತಿಂಗಳ ಫೋಟೋ ಪಕ್ಕಪಕ್ಕದಲ್ಲಿ ಅಂಟಿಸಿರುತ್ತಾರೆ. ದಡ ಯಾವುದು ಅಂತಲೂ ಕೇಳಿ. ಸಫಾರಿ ಹೊರಡುವ ಕಾರಾಪುರ, ದಮ್ಮನಕಟ್ಟೆ ಇರುವುದು ಒಂದು ದಡದಲ್ಲಿ. ಎದುರು ದಡದ ರೂಮಿನಿಂದ ಅದು ಕಣ್ಣಿಗೆ ಕಾಣುತ್ತದೆ, ಕಾರಿಗೆ ಕಾಣುವುದಿಲ್ಲ. ದೋಣಿ ಇಲ್ಲದಿದ್ದರೆ ಹಿನ್ನೀರು ಪೂರಾ ಸುತ್ತಿ ಬರಬೇಕು.

ಬಂಡೀಪುರ, ಕಬಿನಿ, ನಾಗರಹೊಳೆ ಮೂರನ್ನೂ ಒಂದೇ ರೂಮಿನಿಂದ 'ಕವರ್' ಮಾಡುವ ಯೋಜನೆ ಹಾಕಿಕೊಂಡವರಿಗೆ ಒಂದೇ ಮಾತು: ನಕ್ಷೆಯಲ್ಲಿ ಹಸಿರು ಬಣ್ಣ ಕೂಡಿಕೊಂಡಿದೆ, ರಸ್ತೆ ಕೂಡಿಕೊಂಡಿಲ್ಲ. ಕೂಡಿಕೊಂಡ ಕಡೆ ಗೇಟು ಇದೆ.

ಈ ಗೇಟಿನ ಕತೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ಜನ ಬೀಳುವ ಗುಂಡಿ ಇದು. ಬಂಡೀಪುರ ಸೀಳಿಕೊಂಡು ಹೋಗುವ ಎರಡೂ ಹೆದ್ದಾರಿಗಳಲ್ಲಿ, ಅಂದರೆ ಊಟಿ ಕಡೆಯದರಲ್ಲೂ ವಯನಾಡು ಕಡೆಯದರಲ್ಲೂ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ಬಂದ್. 2009ರಿಂದ ಹೀಗೇ ಇದೆ. ನಾಗರಹೊಳೆಯ ಒಳರಸ್ತೆಗಳು ಇನ್ನೂ ಬೇಗ, ಸಂಜೆ 6ಕ್ಕೇ ಮುಚ್ಚುತ್ತವೆ. ಈಗ ಆ್ಯಪಿನಲ್ಲಿ 'ಬಂಡೀಪುರದ ಬಳಿ, ಅಗ್ಗದ ದರ' ಅಂತ ಕಂಡ ಕಾಟೇಜ್ ತೆಗೆಯಿರಿ. ವಿಳಾಸದ ಕೊನೆಯ ಸಾಲು ಓದಿ. ಮಸಿನಗುಡಿ, ನೀಲಗಿರಿ ಜಿಲ್ಲೆ. ಅದು ತಮಿಳುನಾಡು ಮಾರಾಯ್ರೆ, ಮುದುಮಲೆ ಕಾಡು. ಅಲ್ಲಿಂದ ತೆಪ್ಪಕಾಡು, ಕೆಕ್ಕನಹಳ್ಳ ಚೆಕ್‌ಪೋಸ್ಟ್, ಬಂಡೀಪುರ ಕ್ಯಾಂಪಸ್ ದಾಟಿ ಮೇಲುಕಾಮನಹಳ್ಳಿಗೆ ಬರಬೇಕು. ಮೂವತ್ತು ಕಿಲೋಮೀಟರಿನ ಆಸುಪಾಸು, ದಾರಿಯುದ್ದಕ್ಕೂ ಹಂಪು. ಬೆಳಗಿನ ಸಫಾರಿ ಹೊರಡುವುದು ಆರರ ಸುಮಾರಿಗೆ. ಚೆಕ್‌ಪೋಸ್ಟ್ ತೆರೆಯುವುದೂ ಆರಕ್ಕೇ. ಲೆಕ್ಕದಲ್ಲಿ ಹಿಂದುಳಿದವರಿಗೂ ಇದು ಹೊಳೆಯುತ್ತದೆ, ಆದರೆ ಹೊಳೆಯುವುದು ಕ್ಯೂನಲ್ಲಿ ನಿಂತ ಮೇಲೆ. ಬತ್ತೇರಿಯಲ್ಲಿ ರೂಮು ಮಾಡಿದವರದೂ ಮೂಲೆಹೊಳೆ ಗೇಟಿನಲ್ಲಿ ಇದೇ ಪಾಡು. ಅಗ್ಗವಾಗಿ ಸಿಕ್ಕ ಕಾಟೇಜು ಬೆಳಗಿನ ಸಫಾರಿಯನ್ನು ನುಂಗಿದ ಮೇಲೆ ಅಗ್ಗವಾಗಿ ಉಳಿಯುವುದಿಲ್ಲ.

ಬೆಂಗಳೂರಿನಿಂದ ಹೊರಡುವವರ ಲೆಕ್ಕವೇ ಬೇರೆ. ಸುಮಾರು 220 ಕಿಲೋಮೀಟರ್. ಸಂಜೆ ಸಫಾರಿ ಮಧ್ಯಾಹ್ನ ಎರಡೂವರೆ–ಮೂರರ ಹೊತ್ತಿಗೇ ಹೊರಡುತ್ತದೆ. 'ಸಂಜೆ' ಅಂದರೆ ಕಾಡಿನಲ್ಲಿ ಅದೇ. ಒಂಬತ್ತಕ್ಕೆ ಮನೆ ಬಿಟ್ಟು, ದಾರಿಯಲ್ಲಿ ವಡೆ ತಿಂದು, ಮೈಸೂರಿನಲ್ಲಿ 'ಬಂದಿದ್ದೇವಲ್ಲ' ಅಂತ ಪಾಕ ಕಟ್ಟಿಸಿಕೊಂಡು, ನಂಜನಗೂಡಿನಲ್ಲಿ ಕೈ ಮುಗಿದು ರೆಸಾರ್ಟ್ ತಲುಪುವಷ್ಟರಲ್ಲಿ ಜೀಪು ಲಂಟಾನದೊಳಗೆ ಸೇರಿರುತ್ತದೆ. ಒಂದು ರಾತ್ರಿಯ ಪ್ಯಾಕೇಜಿನಲ್ಲಿ ಇರುವುದೇ ಎರಡು ಸಫಾರಿ, ಬಂದ ದಿನ ಸಂಜೆ ಒಂದು, ಹೊರಡುವ ದಿನ ಬೆಳಗ್ಗೆ ಒಂದು. ಮದ್ದೂರಿನಲ್ಲಿ ತಿಂದ ಎರಡು ವಡೆಯ ನಿಜವಾದ ಬೆಲೆ ಆಗ ಗೊತ್ತಾಗುತ್ತದೆ.

ಪ್ಯಾಕೇಜಿನ ಒಕ್ಕಣೆಯನ್ನಂತೂ ವಕೀಲರ ಹತ್ತಿರ ಓದಿಸಬೇಕು. 'ಸಫಾರಿ ಸೇರಿ' ಅಂದರೆ ಸೀಟು ಕಾಯ್ದಿರಿಸಿದೆ ಅಂತ ಅರ್ಥ. 'ಸಫಾರಿ ವ್ಯವಸ್ಥೆ ಇದೆ' ಅಂದರೆ ಸೀಟು ಸಿಕ್ಕರೆ ದುಡ್ಡು ನಿಮ್ಮದು. 'ಸಫಾರಿಗೆ ನೆರವು' ಅಂದರೆ ಕೌಂಟರಿನ ಕ್ಯೂ ಯಾವ ದಿಕ್ಕಿನಲ್ಲಿದೆ ಅಂತ ಒಬ್ಬ ಹುಡುಗ ಬೆರಳು ತೋರಿಸುತ್ತಾನೆ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್‌ನಲ್ಲಿ ಊಟ, ವಸತಿ, ಸಫಾರಿ ಮೂರೂ ಒಂದೇ ಬಿಲ್ಲಿನಲ್ಲಿ ಬರುತ್ತವೆ. ದರ ನೋಡಿದವರು ಮೊದಲು ಹೌಹಾರುತ್ತಾರೆ, ಆಮೇಲೆ ಖಾಸಗಿ ರೂಮಿಗೆ ಸಫಾರಿ, ಪ್ರವೇಶ ಶುಲ್ಕ, ಕ್ಯಾಮೆರಾ ಶುಲ್ಕ, ರಾತ್ರಿ ಊಟ ಕೂಡಿಸಿ ನೋಡಿ ಸುಮ್ಮನಾಗುತ್ತಾರೆ. ವಾಹನ ಯಾವುದು ಅಂತ ಬರಹದಲ್ಲಿ ಪಡೆಯಿರಿ. ಜೀಪಿನ ಸುತ್ತು ದೊಡ್ಡದು. ಇಲಾಖೆಯ ಮಿನಿ ಬಸ್ಸಿನ ಸುತ್ತು ಚಿಕ್ಕದು, ದರವೂ ಕಮ್ಮಿ, ಎತ್ತರದ ಸೀಟಿನಿಂದ ಕೆಲವೊಮ್ಮೆ ಜೀಪಿಗಿಂತ ಚೆನ್ನಾಗಿಯೇ ಕಾಣುತ್ತದೆ. ಹಿಂದಿನ ಸೀಟಿನವರು ಚಿಪ್ಸ್ ಪ್ಯಾಕೆಟ್ ಸದ್ದು ಮಾಡದಿದ್ದರೆ.

ಇನ್ನು ಕ್ಯಾಂಪಸ್ಸಿನೊಳಗಿನ ಇಲಾಖೆಯ ಕಾಟೇಜುಗಳು. ಇವುಗಳ ಬಗ್ಗೆ ದೂರು ಬಹಳ. ಟೀವಿ ಇಲ್ಲ. ಪೂಲ್ ಇಲ್ಲ. ರೂಮ್ ಸರ್ವೀಸ್ ಇಲ್ಲ. ನೆಟ್‌ವರ್ಕ್ ಬಂದರೆ ಬಂತು. ರಾತ್ರಿ ಹೊರಗೆ ಸುತ್ತಾಡಲು ಬಿಡುವುದಿಲ್ಲ. ಕಿಟಕಿಯಾಚೆ ಸಾರಗದ, ಅಂದರೆ ಚುಕ್ಕೆ ಜಿಂಕೆಯ, ಹಿಂಡು ಹುಲ್ಲು ಕೀಳುವ ಕರಕರ ಸದ್ದಿಗೆ ನಿದ್ದೆ ಬರುವುದಿಲ್ಲ. ಕಾಡಿನಲ್ಲಿ ಕಾಡು ಬಿಟ್ಟರೆ ಬೇರೇನೂ ಇಲ್ಲ ಅನ್ನುವುದು ಒಟ್ಟು ಆಕ್ಷೇಪ. ಬಾಲ್ಕನಿ ಬಾಗಿಲಿಗೆ ಚಿಲಕ ಹಾಕುವುದು ಮರೆತರೆ ರೂಮ್ ಸರ್ವೀಸಿನ ಕೊರತೆಯನ್ನು ಕೋತಿಗಳು ತುಂಬುತ್ತವೆ, ತರುವ ಬದಲು ಒಯ್ಯುತ್ತವೆ ಅಷ್ಟೇ. ಬಾಳೆಹಣ್ಣು ಒಯ್ದರೆ ಸರಿ. ಮಾತ್ರೆ ಡಬ್ಬಿ ಒಯ್ದರೆ ಹತ್ತಿರದ ಔಷಧಿ ಅಂಗಡಿಗೆ ಗುಂಡ್ಲುಪೇಟೆ ದಿಕ್ಕಿಗೇ ಓಡಬೇಕು.

ಕಾಡು ಬಿಟ್ಟು ಬೇರೆಲ್ಲವೂ ಬೇಕಾದವರಿಗೆ ಹೊರಗಡೆ ಧಾರಾಳ ವ್ಯವಸ್ಥೆ ಇದೆ. ಪ್ರಾಣಿಗಳು ನಿಶ್ಚಿಂತೆಯಿಂದ ರಸ್ತೆ ದಾಟಲಿ ಅಂತ ರಾತ್ರಿ 9ಕ್ಕೆ ಹೆದ್ದಾರಿ ಮುಚ್ಚುತ್ತಾರಷ್ಟೆ? ಟೊಮೆಟೊ ಲಾರಿ, ಮದುವೆ ದಿಬ್ಬಣ, ಶಬರಿಮಲೆ ಯಾತ್ರಿಕರು ಎಲ್ಲರೂ ತೆಪ್ಪಗೆ ನಿಲ್ಲುತ್ತಾರೆ. 9.05ಕ್ಕೆ ಅಂಚಿನ ಲಾನ್‌ನಲ್ಲಿ ಡಿಜೆ ಶುರು. ಹಾರ್ನ್ ಹೊಡೆಯಬಾರದು ಅಂತ ಬೋರ್ಡು ಇರುವ ರಸ್ತೆಯ ಪಕ್ಕದಲ್ಲೇ ಕಡವೆಗೆ ಎದೆ ನಡುಗುವಷ್ಟು ಬೇಸ್. ದೇಶದ ಶಬ್ದ ಮಾಲಿನ್ಯ ನಿಯಮ 2000ನೇ ಇಸವಿಯದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ ಅನ್ನುತ್ತದೆ. ಬಂಡೀಪುರದ ಸುತ್ತ 2012ರಿಂದ ಪರಿಸರ ಸೂಕ್ಷ್ಮ ವಲಯವೂ ಇದೆ. ಕಾನೂನಿಗೆ ಕೊರತೆಯಿಲ್ಲ, ಡಿಜೆ ಸದ್ದಿನಲ್ಲಿ ಕೇಳಿಸಬೇಕಲ್ಲ.

ಜೊತೆಗೆ 'ಕಾಂಪ್ಲಿಮೆಂಟರಿ ಕ್ಯಾಂಪ್ ಫೈರ್'. 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಎದ್ದ ಬೆಂಕಿ ಎಕರೆಗಟ್ಟಲೆ ಕಾಡು ತಿಂದದ್ದು ಈ ಸೀಮೆಯವರಿಗೆ ಇನ್ನೂ ನೆನಪಿದೆ. ಬೇಸಿಗೆ ಬಂತೆಂದರೆ ಕಂದಕದ ಆ ಕಡೆ ಬೆಂಕಿ ಹಬ್ಬದಂತೆ ಒಣಹುಲ್ಲು ಸವರಿ 'ಬೆಂಕಿ ರೇಖೆ' ಮಾಡಿ, ಬೆಂಕಿ ವಾಚರುಗಳು ಹಗಲು ರಾತ್ರಿ ಹೊಗೆ ಹುಡುಕುತ್ತಾರೆ. ಈ ಕಡೆ ಅತಿಥಿಗಳು ಸೌದೆ ಹಸಿಯಾಗಿದೆ ಅಂತ ಮ್ಯಾನೇಜರನ್ನು ಹುಡುಕುತ್ತಾರೆ. ಊಟವಾದ ಮೇಲೆ 'ನೈಟ್ ಸಫಾರಿ' ಬೇಕಾ ಸರ್ ಅಂತ ಒಬ್ಬ ಪಿಸುಗುಟ್ಟುತ್ತಾನೆ. ಅರಣ್ಯ ಇಲಾಖೆಯಲ್ಲಿ ರಾತ್ರಿ ಸಫಾರಿ ಎಂಬುದೇ ಇಲ್ಲ. ಇವನು ನಿಮ್ಮನ್ನು ಜೀಪಿನಲ್ಲಿ ಕೂರಿಸಿ ಹೊಲದ ದಾರಿಯಲ್ಲಿ ಸುತ್ತಿಸಿ, ಟಾರ್ಚ್ ಬಿಟ್ಟು, ಮೊಲವೊಂದರ ಕಣ್ಣು ಕುಕ್ಕಿಸಿ ದುಡ್ಡು ಎಣಿಸಿಕೊಳ್ಳುತ್ತಾನೆ. ಅರಣ್ಯ ಸಿಬ್ಬಂದಿ ಕೈಗೆ ಸಿಕ್ಕರೆ ಅವನ ಜೊತೆಗೆ ನಿಮ್ಮ ಹೆಸರೂ ಕೇಸಿನಲ್ಲಿ ಬರುತ್ತದೆ.

'ಆನೆ ರೂಮಿನ ಹತ್ತಿರವೇ ಬರುತ್ತೆ' ಅನ್ನುವುದೂ ಈಗ ಮಾರಾಟದ ಮಾತು. ಬರುತ್ತದೆ, ಯಾಕೆ ಬರಲ್ಲ? ದಾರಿ ಅದರದು. ಮಸಿನಗುಡಿಯ ಸೀಗೂರು ಆನೆ ಪಥದಲ್ಲಿ ಕಟ್ಟಿಕೊಂಡಿದ್ದ ಹಲವು ರೆಸಾರ್ಟುಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಬೀಗ ಬಿತ್ತು. 2020ರಲ್ಲಿ ಆ ಪಥವನ್ನು ಕೋರ್ಟ್ ಎತ್ತಿಹಿಡಿಯಿತು. 2021ರ ಜನವರಿಯಲ್ಲಿ ಅದೇ ಮಸಿನಗುಡಿಯಲ್ಲಿ ವಸತಿಗೃಹದ ಆವರಣಕ್ಕೆ ಬಂದ ಆನೆಯ ಮೇಲೆ ಉರಿಯುವ ಟೈರ್ ಎಸೆದರು. ಕಿವಿ ಸುಟ್ಟುಕೊಂಡು ಓಡಿದ ಆನೆ ಸತ್ತಿತು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಬಂಡೀಪುರದ ಪಕ್ಕದ ಕಣಿಯನಪುರದಲ್ಲೂ ಆನೆ ಪಥವಿದೆ. ರೂಮು ಅದರ ಮೇಲೆ ಕೂತಿದೆಯೋ ಅಂತ ಬುಕ್ ಮಾಡುವ ಮುಂಚೆ ಒಂದು ಮಾತು ವಿಚಾರಿಸಿ.

ಕೊನೆಗೆ ರದ್ದತಿ ನಿಯಮ, ಯಾರೂ ಓದದ ಪುಟ. 2025ರ ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಪತ್ತೆ ಕೆಲಸಕ್ಕೆ ಹಚ್ಚಿದರು. ಸಫಾರಿಗೆಂದೇ ರೂಮು ಹಿಡಿದವರು ಆಗ ಆ ಪುಟ ತೆರೆಯುವಂತಾಯಿತು. 'ಸಫಾರಿ ಬಂದ್ ಆದರೆ ಹಣ ವಾಪಸ್ಸೋ, ದಿನಾಂಕ ಬದಲಾವಣೆಯೋ' ಅಂತ ಈಗಲೇ ಮೆಸೇಜ್ ಹಾಕಿ ಉತ್ತರ ಇಟ್ಟುಕೊಳ್ಳಿ. 'ಡೋಂಟ್ ವರಿ ಸರ್, ರೇನ್ ಡ್ಯಾನ್ಸ್ ಇದ್ದೇ ಇರುತ್ತೆ' ಅಂತ ಬಂದರೆ ಮುಂದಿನ ರೆಸಾರ್ಟಿಗೆ ಫೋನ್ ಹಚ್ಚಿ.