ಯಾಕೆ ಓಡ್ತೀಯ ಅಂತ ಯಾರೂ ಕೇಳದ ಊರು

"ಓಡೋಕೆ ಶುರು ಮಾಡಿದ್ದೀಯಂತೆ, ನಿಮ್ಮಮ್ಮ ಹೇಳಿದ್ಲು. ಯಾಕೆ, ಶುಗರ್ ಬಂತಾ?"

ಮೈಸೂರಿನಲ್ಲಿರುವ ಚಿಕ್ಕಮ್ಮ ವಿಡಿಯೋ ಕಾಲ್‌ನಲ್ಲಿ ಕೇಳಿದ ಮೊದಲ ಮಾತು ಇದು. ಇಲ್ಲ ಚಿಕ್ಕಮ್ಮ, ಖುಷಿಗೆ, ಸುಮ್ನೆ ಅಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಈ ವಯಸ್ಸಲ್ಲಿ ಖುಷಿಗೆ ಯಾರಾದ್ರೂ ಓಡ್ತಾರಾ? ಥೈರಾಯ್ಡ್ ಏನಾದ್ರೂ ಇದ್ರೆ ಹೇಳೇ, ಮುಚ್ಚಿಡಬೇಡ." ಪಕ್ಕದಲ್ಲಿದ್ದ ಚಿಕ್ಕಪ್ಪ "ಮಂಡಿ ಜೋಪಾನ ಕಣಮ್ಮ" ಅಂದರು. ಇಬ್ಬರೂ ಕೆಟ್ಟದ್ದೇನೂ ಹೇಳಿರಲಿಲ್ಲ. ಆದರೂ ಇಡೀ ದಿನ ಅದೇ ಕೊರೆಯುತ್ತಿತ್ತು. ಯಾಕೆಂದರೆ ಅವತ್ತು ಬೆಳಗ್ಗೆ ನಾನು ಮೊದಲ ಸಲ ಐದು ಕಿಲೋಮೀಟರ್ ಎಲ್ಲೂ ನಿಲ್ಲದೆ ಓಡಿ ಮುಗಿಸಿದ್ದೆ. ಅದನ್ನು ಹೇಳಿಕೊಳ್ಳೋಣ ಅಂತಲೇ ಫೋನ್ ಮಾಡಿದ್ದೆ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ವುಡ್‌ಹೌಸ್ ಮೂರ್ ಅನ್ನುವ ಮೈದಾನವಿದೆ. ಅಲ್ಲಿ ಪ್ರತಿ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಪಾರ್ಕ್‌ರನ್ ನಡೆಯುತ್ತದೆ. ಐದು ಕಿಲೋಮೀಟರ್. ಓಡಬಹುದು, ನಡೆಯಬಹುದು, ಸ್ವಲ್ಪ ಓಡಿ ಸ್ವಲ್ಪ ನಡೆಯಬಹುದು. ದುಡ್ಡು ಕೊಡಬೇಕಿಲ್ಲ. ಒಂದು ಸಲ ಹೆಸರು ಕೊಟ್ಟು ಬಾರ್‌ಕೋಡ್ ತೆಗೆದುಕೊಂಡರೆ ಸಾಕು. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಬರೀ 13 ಜನ ಓಡಿ ಶುರುವಾದದ್ದು, 2007ರಲ್ಲಿ ಲೀಡ್ಸ್‌ಗೂ ಬಂತು. ಈಗ ಬೇರೆ ಬೇರೆ ದೇಶಗಳಲ್ಲೂ ಇದೆ. ನಡೆಸುವವರೆಲ್ಲ ನಮ್ಮ ನಿಮ್ಮಂಥ ಜನ, ಸಂಬಳವಿಲ್ಲದೆ ಬಂದು ನಿಲ್ಲುವವರು.

ನಾನು ಮೊದಲ ಸಲ ಹೋದಾಗ ಎಲ್ಲರಿಗಿಂತ ಹಿಂದೆ ಇದ್ದೆ. ಆದರೆ ನನ್ನ ಹಿಂದೆ ಇನ್ನೊಬ್ಬರು ಬರುತ್ತಿದ್ದರು. ಹೊಳೆಯುವ ಜಾಕೆಟ್ ಹಾಕಿಕೊಂಡ ಎಪ್ಪತ್ತರ ಆಸುಪಾಸಿನ ಹೆಂಗಸು. ಟೇಲ್ ವಾಕರ್ ಅಂತಾರೆ. ಎಲ್ಲರ ಹಿಂದೆ ನಡೆದು ಬರುವುದೇ ಅವರ ಕೆಲಸ. ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ, ಕೊನೆಯ ಜಾಗ ಅವರದ್ದೇ. ನಾನು ಏದುಸಿರು ಬಿಡುತ್ತಿದ್ದೆ. ಅವರು ತಮ್ಮ ತೋಟದ ರೂಬಾರ್ಬ್ ಈ ವರ್ಷ ಹೇಗೆ ಬಂದಿದೆ ಅಂತ ಹೇಳುತ್ತಾ ಹೆಜ್ಜೆ ಹಾಕಿದರು. ಯಾಕೆ ಬಂದೆ, ಎಷ್ಟು ತೂಕ ಇಳಿಸಬೇಕು, ಡಾಕ್ಟರ್ ಹೇಳಿದ್ರಾ, ಒಂದನ್ನೂ ಕೇಳಲಿಲ್ಲ. ನಾನು ತಲುಪುವ ಹೊತ್ತಿಗೆ ಮುಂದೆ ಓಡಿದವರೆಲ್ಲ ಮುಗಿಸಿ ಎಷ್ಟೋ ಹೊತ್ತಾಗಿತ್ತು. ಆದರೂ ಕೆಲವರು ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗ ನಂಬರಿದ್ದ ಪ್ಲಾಸ್ಟಿಕ್ ಬಿಲ್ಲೆ ಕೈಗಿಟ್ಟ. ಇನ್ನೊಬ್ಬರು ಬಾರ್‌ಕೋಡ್ ಸ್ಕ್ಯಾನ್ ಮಾಡಿ "ವೆಲ್ ಡನ್, ಲವ್" ಅಂದರು. ನನಗೆ ಗಂಟಲು ಕಟ್ಟಿತು.

ಇಲ್ಲೂ ಡಾಕ್ಟರ್ ಹೇಳಿ ಬಂದವರು ಇರುತ್ತಾರೆ. 2018ರಿಂದ ಎಷ್ಟೋ ಜಿಪಿ ಕ್ಲಿನಿಕ್‌ಗಳು, ಅಂದರೆ ಇಲ್ಲಿ ಮೊದಲು ತೋರಿಸಿಕೊಳ್ಳುವ ಸಾಮಾನ್ಯ ಡಾಕ್ಟರರ ಕ್ಲಿನಿಕ್‌ಗಳು, ಪಾರ್ಕ್‌ರನ್ ಜೊತೆ ಕೈಜೋಡಿಸಿ, ಮಾತ್ರೆಯ ಜೊತೆಗೆ ಇದನ್ನೂ ಸೂಚಿಸುತ್ತವೆ. ಆದರೆ ಯಾರು ಡಾಕ್ಟರ್ ಮಾತಿಗೆ ಬಂದವರು, ಯಾರು ಖುಷಿಗೆ ಬಂದವರು ಅಂತ ಮೈದಾನದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೂ ಬೇಕಾಗಿಯೂ ಇಲ್ಲ. 2024ರ ಫೆಬ್ರವರಿಯಲ್ಲಿ ಪಾರ್ಕ್‌ರನ್‌ನವರು ತಮ್ಮ ವೆಬ್‌ಸೈಟಿನಿಂದ ಅತಿ ವೇಗದ ಓಟದ ದಾಖಲೆಗಳನ್ನೇ ತೆಗೆದುಹಾಕಿದರು. ವೇಗವಾಗಿ ಓಡುವವರು ಸಿಟ್ಟಾದರು, ಅವರ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ನನ್ನಂಥವಳು ಮೊದಲ ಸಲ ಬರುವ ಮುಂಚೆ ಆ ಪಟ್ಟಿ ನೋಡಿ ಮನೆಯಲ್ಲೇ ಉಳಿದುಬಿಡುತ್ತಿದ್ದಳು. ಅವರು ಮಾಡಿದ್ದು ಸರಿ ಅನ್ನುವವಳು ನಾನು.

ನಮ್ಮೂರಲ್ಲಿ ಹೆಂಗಸರು ಮೈ ದಂಡಿಸುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆಷಾಢ ಶುಕ್ರವಾರ ನನ್ನಮ್ಮ ಚಾಮುಂಡಿ ಬೆಟ್ಟವನ್ನು ಹತ್ತುತ್ತಿದ್ದದ್ದು ಹೇಗೆ ಅಂತ ನೋಡಿದ್ದೇನೆ. ಸಾವಿರ ಮೆಟ್ಟಿಲು. ಒಂದೊಂದಕ್ಕೂ ಬಗ್ಗಿ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಎದ್ದು, ಮತ್ತೆ ಮುಂದಿನದಕ್ಕೆ ಬಗ್ಗಬೇಕು. ನಂದಿಯ ಹತ್ತಿರ ಬರುವಷ್ಟರಲ್ಲಿ ಸೀರೆಯ ಬೆನ್ನು ಪೂರ್ತಿ ಒದ್ದೆ. ಬೆರಳುಗಳು ವಾರವೆಲ್ಲ ಹಳದಿ. ನಾನು ಇವತ್ತು ಮಾಡುವ ಯಾವ ವ್ಯಾಯಾಮವೂ ಅದರ ಹತ್ತಿರ ಬರುವುದಿಲ್ಲ. ಅಮ್ಮನನ್ನು ಯಾಕೆ ಹತ್ತಿದೆ ಅಂತ ಯಾರೂ ಕೇಳಲಿಲ್ಲ. ಹರಕೆ ಅಂದಮೇಲೆ ಮುಗಿಯಿತು. ಅಕ್ಕನ ಮದುವೆಗೆ, ತಮ್ಮನ ಪರೀಕ್ಷೆಗೆ, ಅಪ್ಪನ ಆಪರೇಷನ್ನಿಗೆ. ಅದೇ ಅಮ್ಮ ಒಂದು ಮಂಗಳವಾರ ಎದ್ದು, ನನಗೆ ಬೆಟ್ಟ ಹತ್ತಬೇಕು ಅನ್ನಿಸ್ತಿದೆ, ಹೋಗಿ ಬರ್ತೀನಿ ಅಂದಿದ್ದರೆ? ಮನೆಯಲ್ಲಿ ಏನಾಯಿತೋ ಅಂತ ಅಕ್ಕಪಕ್ಕದವರು ಬಂದು ವಿಚಾರಿಸುತ್ತಿದ್ದರು. ದೇವರಿಗೆ, ಗಂಡನಿಗೆ, ಮಕ್ಕಳಿಗೆ ಅಂತ ಎಷ್ಟು ಕಷ್ಟಪಟ್ಟರೂ ನಮ್ಮಲ್ಲಿ ಒಪ್ಪಿಗೆಯಿದೆ. ಕಾಯಿಲೆ ಬಂದರೂ ಸರಿ. ತನಗಾಗಿ ಒಂದು ಗಂಟೆ ಬೇಕು ಅಂದರೆ ಮಾತ್ರ ಕಾರಣ ಕೊಡಬೇಕು.

ಓಟದಿಂದ ನನಗೆ ತೂಕಕ್ಕಿಂತ ಜಾಸ್ತಿ ಬದಲಾದದ್ದು ಬೇರೆ. ಇಲ್ಲಿಗೆ ಬಂದ ಹೊಸದರಲ್ಲಿ ಈ ಯಾರ್ಕ್‌ಷೈರ್ ಸೀಮೆಯವರ ಇಂಗ್ಲಿಷ್ ನನ್ನ ಕಿವಿಗೆ ಸಿಗುತ್ತಲೇ ಇರಲಿಲ್ಲ. ಗ್ಯಾಸಿನವರು, ಕ್ಲಿನಿಕ್ಕಿನವರು ಫೋನ್ ಮಾಡಿದರೆ ಗಂಡನಿಗೆ ಕೊಟ್ಟುಬಿಡುತ್ತಿದ್ದೆ. ಪಾರ್ಕ್‌ರನ್‌ನಲ್ಲಿ ನಾನೇ ಸ್ಕ್ಯಾನರ್ ಹಿಡಿದು ನಿಲ್ಲತೊಡಗಿದ ಮೇಲೆ, ಬೆಳಗ್ಗೆಯೆಲ್ಲ ಗುರುತಿಲ್ಲದವರ ಜೊತೆ ಮಾತಾಡಬೇಕಾಯಿತು. ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳಿ ಅನ್ನುವುದು ಅಭ್ಯಾಸವಾಯಿತು. ಈಗ ಫೋನ್ ನನ್ನ ಕೈಯಲ್ಲೇ ಇರುತ್ತದೆ. ಒಮ್ಮೆ ಒಬ್ಬಳೇ ರೈಲು ಹತ್ತಿ ಎಡಿನ್‌ಬರೋಗೂ ಹೋದೆ. ಸ್ಕಾಟ್ಲೆಂಡಿನಲ್ಲಿ ಓಟ ಒಂಬತ್ತೂವರೆಗೆ. ಕ್ರಾಮಂಡ್ ಕಡೆಯ ಕಡಲ ದಂಡೆ, ಎದುರುಗಾಳಿ, ಬಾಯಿ ತೆರೆದರೆ ಉಪ್ಪು. ಅದೇ ಬಾರ್‌ಕೋಡ್ ಅಲ್ಲೂ ನಡೆಯಿತು. ಮದುವೆಗೂ ಅಲ್ಲ, ಆಫೀಸಿಗೂ ಅಲ್ಲ, ಬರೀ ನನಗೆ ಬೇಕು ಅಂತ ಒಬ್ಬಳೇ ಹೋಗಿ ಬಂದ ಮೊದಲ ಊರು ಅದು.

ಹೋದ ಸಲ ಊರಿಗೆ ಬಂದಾಗ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡಿದೆ. ಪರಿಚಯದ ಹಿರಿಯರೊಬ್ಬರು ಗಾಬರಿಯಿಂದ ನಿಲ್ಲಿಸಿ, "ಏನಮ್ಮಾ, ಮನೇಲಿ ಏನಾದ್ರೂ ಅರ್ಜೆಂಟಾ?" ಅಂದರು. ಇನ್ನೊಬ್ಬರು, "ಫಾರಿನ್ನಿಗೆ ಹೋದಮೇಲೆ ದಪ್ಪ ಆಗಿದ್ದೀಯ, ಅದಕ್ಕಾ?" ಅಂದರು. ನನಗೆ ತಾಳ್ಮೆ ಕೆಟ್ಟಿತು. ಉತ್ತರ ಕೊಡದೆ ಮುಂದೆ ಹೋದೆ.

ಆದರೆ ಆ ಕೆರೆಯ ಹತ್ತಿರವೇ ನಡೆದ ಇನ್ನೊಂದನ್ನೂ ಹೇಳಲೇಬೇಕು, ಹೇಳದಿದ್ದರೆ ಅನ್ಯಾಯ. ಅಲ್ಲಿ ಸೀರೆಗೆ ಸ್ಪೋರ್ಟ್ಸ್ ಷೂ ಹಾಕಿಕೊಂಡು ದಿನಾ ನಡೆಯುವ ಹೆಂಗಸರ ಗುಂಪೊಂದಿದೆ. ಓಟ ಮುಗಿಸಿ ಅವರ ಜೊತೆ ಹೆಜ್ಜೆ ಹಾಕುತ್ತಿದ್ದೆ. ಒಂದು ದಿನ ನೆಂಟರ ಮನೆಗೆ ಹೋಗಿದ್ದರಿಂದ ಕೆರೆಗೆ ಹೋಗಲಿಲ್ಲ. ಮಾರನೆಯ ದಿನ ಗೇಟಿನ ಹತ್ತಿರವೇ ಹಿಡಿದರು. "ನಿನ್ನೆ ಯಾಕೆ ಬರಲಿಲ್ಲ? ಹುಷಾರಿರಲಿಲ್ವಾ? ನಂಬರ್ ಕೊಡು ಮೊದಲು." ಲೀಡ್ಸ್‌ನಲ್ಲಿ ಒಂದು ಚಳಿಗಾಲ ಜ್ವರ, ಕೆಮ್ಮು ಅಂತ ಎಷ್ಟೋ ಶನಿವಾರ ಮೈದಾನದ ಕಡೆ ತಲೆ ಹಾಕಿರಲಿಲ್ಲ. ಒಬ್ಬರೂ ಕೇಳಿರಲಿಲ್ಲ. ವಾಪಸ್ ಹೋದಾಗ ಅದೇ ನಗು, ಅದೇ ಚಪ್ಪಾಳೆ. ಕಾರಣ ಕೇಳದವರು ಗೈರುಹಾಜರಿಯನ್ನೂ ಕೇಳುವುದಿಲ್ಲ. ಚಿಕ್ಕಮ್ಮ ಶುಗರ್ ಬಂತಾ ಅಂದದ್ದರಲ್ಲಿ ಹೆದರಿಕೆಯೂ ಇತ್ತು ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಅವರ ಮನೆಯಲ್ಲಿ ಇಬ್ಬರನ್ನು ಆ ಕಾಯಿಲೆ ತೆಗೆದುಕೊಂಡು ಹೋಗಿದೆ.

ಅಷ್ಟು ಒಪ್ಪಿಕೊಂಡರೂ ನನ್ನ ತಕರಾರು ಹಾಗೇ ಇದೆ. ಚಿಕ್ಕಮ್ಮನ ಸೊಸೆಗೆ ನನ್ನ ಹಾಗೆ ಶುರು ಮಾಡಬೇಕು ಅಂತ ಆಸೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನವರ ಒಂಬತ್ತು ವಾರದ ಕ್ರಮವನ್ನು ಕನ್ನಡದಲ್ಲಿ ಬರೆದು ಕಳಿಸಿದ್ದೇನೆ. ಮೊದಲ ವಾರ ಹೀಗೆ: ಮೊದಲು ಐದು ನಿಮಿಷ ಬೀಸು ನಡಿಗೆ, ಆಮೇಲೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೇ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಅವಳಿಗೆ ಷೂ ಇದೆ, ಕೆರೆ ಮನೆಗೆ ಹತ್ತಿರ, ಜೊತೆಗೆ ಆ ಹೆಂಗಸರ ಗುಂಪೂ ಇದೆ. "ಬೆಳಗ್ಗೆ ಆರೂವರೆಗೆ ಮನೇಲಿ ಎಲ್ರಿಗೂ ಕಾಫಿ ಆಗ್ಬೇಕಲ್ಲ ಅಕ್ಕಾ" ಅಂದಳು. ಡಿಕಾಕ್ಷನ್ ರಾತ್ರಿಯೇ ಇಳಿದಿರುತ್ತದೆ. ಹಾಲು ಕಾಯಿಸಿ ಬೆರೆಸುವುದು ಆ ಮನೆಯ ಗಂಡಸರಿಗೂ ಬರುತ್ತದೆ. ವಾರದಲ್ಲಿ ಮೂರು ದಿನ ಅವರು ಬೆರೆಸಲಿ, ಮತ್ತು ಆ ಹುಡುಗಿಯನ್ನು ಯಾಕೆ ಅಂತ ಕೇಳದೆ ಕಳಿಸಿಕೊಡಲಿ.