ದಿದಿಯ ಮುಯ್ಯಿ

ಅಕ್ಕನ ಮಗಳು ಈಗ ಹನ್ನೊಂದನೇ ಕ್ಲಾಸು. ಬರುವ ಜೂನ್‌ನಲ್ಲಿ ಸ್ಕೂಲಿನವರು ಕಾಂಬೋಡಿಯಾಗೆ ಕರೆದುಕೊಂಡು ಹೋಗುತ್ತಾರಂತೆ. 12 ದಿನದ ಸೇವಾ ಪ್ರವಾಸ. ಸಿಯೆಮ್ ರೀಪ್ ಹತ್ತಿರದ ಹಳ್ಳಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡೋದು, ಶಾಲೆಗೆ ಬಣ್ಣ ಹೊಡೆಯೋದು, ಅನಾಥಾಲಯವೊಂದರಲ್ಲಿ ಎರಡು ದಿನ. ಒಬ್ಬರಿಗೆ 2 ಲಕ್ಷ 10 ಸಾವಿರ. ಮೊನ್ನೆ ಭಾನುವಾರ ಬಸವನಗುಡಿಯ ಅಕ್ಕನ ಮನೆಗೆ ಹೋದಾಗ ಅಕ್ಕ ಆ ಪ್ರವಾಸದ ಕಾಗದ ಕೈಗೆ ಕೊಟ್ಟು, "ನೀನೂ ಕಾಲೇಜಲ್ಲಿದ್ದಾಗ ಹೋಗಿದ್ದೆ ಅಲ್ವಾ, ಹೇಗಿತ್ತು?" ಅಂತ ಕೇಳಿದಳು. ಅವತ್ತು ಅರ್ಧ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕಾಗದ ಹಿಡಿದುಕೊಂಡಿರುವ ಅಪ್ಪ ಅಮ್ಮಂದಿರು ಬೆಂಗಳೂರಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ.

ನಾವು ಹೋಗಿದ್ದು ನೇಪಾಳಕ್ಕೆ, 2017ರ ಜೂನ್‌ನಲ್ಲಿ. ಎಂಜಿನಿಯರಿಂಗ್ ಎರಡನೇ ವರ್ಷದ 18 ಜನ, 14 ದಿನ, ತಲೆಗೆ 55 ಸಾವಿರ ರೂಪಾಯಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದಲ್ಲಿ ಸುಮಾರು 9 ಸಾವಿರ ಜನ ತೀರಿಕೊಂಡಿದ್ದರು. ಅದರ ಕೇಂದ್ರ ಗೋರ್ಖಾ ಜಿಲ್ಲೆಯಲ್ಲಿತ್ತು. ಅದೇ ಜಿಲ್ಲೆಯ ಒಂದು ಬೆಟ್ಟದೂರಿನ ಶಾಲೆಯ ಕಾಂಪೌಂಡಿಗೆ ಕಲ್ಲು ಹೊರುವುದು ನಮ್ಮ ಕೆಲಸ.

ನಾವು ನಾಲ್ಕು ಹುಡುಗಿಯರು ಒಬ್ಬ ದಿದಿಯ (ಅಲ್ಲಿ ಅಕ್ಕನಿಗೆ ಹಾಗನ್ನುತ್ತಾರೆ) ಮನೆಯಲ್ಲಿದ್ದೆವು. ಗಂಡ ಕತಾರ್‌ನಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ದಿದಿ, ಅತ್ತೆ, ಇಬ್ಬರು ಸಣ್ಣ ಮಕ್ಕಳು. ದಿದಿ ಬೆಳಗ್ಗೆ ನಾಲ್ಕೂವರೆಗೆ ಏಳುತ್ತಿದ್ದರು. ನಾವು ಸ್ನಾನ ಮಾಡುವ ನೀರನ್ನೂ ಅವರೇ ಕೆಳಗಿನ ನಲ್ಲಿಯಿಂದ ಹೊತ್ತು ತರುತ್ತಿದ್ದರು. ದಿನಕ್ಕೆ ಎರಡು ಸಲ ದಾಲ್ ಭಾತ್.

ಜೂನ್ ಕೊನೆಗೆ ಅವರ ಅಸಾರ್ ತಿಂಗಳ ಹದಿನೈದನೇ ದಿನ ಬಂತು. ಭತ್ತದ ನಾಟಿಯ ಹಬ್ಬ. ಅವತ್ತು ಮೊಸರು ಅವಲಕ್ಕಿ ತಿನ್ನುತ್ತಾರೆ, ನಮ್ಮ ಗೋಕುಲಾಷ್ಟಮಿಯ ಹಾಗೆ. ಗದ್ದೆಯ ತುಂಬಾ ಹೆಂಗಸರು, ಕೆಸರು, ಹಾಡು. ನಮಗೆಲ್ಲ ಫೋಟೋದ ಸಂಭ್ರಮ. ಆಗ ಪಕ್ಕದ ಮನೆಯವರೊಬ್ಬರು ಬಂದು ದಿದಿಯ ಹತ್ತಿರ ಏನೋ ಕೇಳಿದರು. ದಿದಿ ತಲೆ ತಗ್ಗಿಸಿ ಮೆಲ್ಲಗೆ ಉತ್ತರ ಕೊಟ್ಟರು. ರಾತ್ರಿ ನಾನು ಹಿಂದಿಯಲ್ಲಿ ಕೇಳಿದೆ, ಏನಾಯ್ತು ಅಂತ. "ಪರ್ಮಾ ಬಾಕಿ ಇದೆ" ಅಂದರು.

ಪರ್ಮಾ ಅಂದರೆ ನಮ್ಮ ಮುಯ್ಯಾಳು. ಮಂಡ್ಯ ಕಡೆಯ ನಮ್ಮಜ್ಜಿ ಎಷ್ಟು ಸಲ ಹೇಳಿಲ್ಲ! ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಕೂಲಿ ಇಲ್ಲ, ಲೆಕ್ಕ ಮಾತ್ರ ಪಕ್ಕಾ. ದಿದಿಯ ಗದ್ದೆಗೆ ಆರು ಮನೆಯವರು ಬಂದು ನಾಟಿ ಮಾಡಿ ಹೋಗಿದ್ದರು. ದಿದಿ ಒಂದು ಮನೆಗೂ ವಾಪಸ್ ಹೋಗೋಕೆ ಆಗಿರಲಿಲ್ಲ. ಯಾಕೆಂದರೆ ಮನೆಯಲ್ಲಿ ನಾವಿದ್ದೆವು. ನಾಟಿ ಅಂದರೆ ಮಳೆ ನೋಡಿಕೊಂಡು ಕೆಲವೇ ದಿನದಲ್ಲಿ ಮುಗಿಯಬೇಕಾದ ಕೆಲಸ. ಮುಯ್ಯಿ ಬಾಕಿ ಇಟ್ಟುಕೊಂಡ ಮನೆಗೆ ಮುಂದಿನ ವರ್ಷ ಯಾರು ಬರುತ್ತಾರೆ? ನಮಗೆ ಕಾಲೇಜಿಗೆ ರಜೆ ಅಂತ ನಾವು ಹೋಗಿದ್ದೆವು. ಅದು ಅವರಿಗೆ ವರ್ಷದಲ್ಲೇ ಕೈ ಬಿಡುವಿಲ್ಲದ ತಿಂಗಳು ಅಂತ ಹೊರಡುವ ಮೊದಲು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕರೆದುಕೊಂಡು ಹೋದವರೂ ಹೇಳಲಿಲ್ಲ.

ದುಡ್ಡಿನ ಲೆಕ್ಕ ಮಾಡಿದ್ದು ತುಂಬಾ ಆಮೇಲೆ. 18 ಜನರದ್ದು ಒಟ್ಟು 9 ಲಕ್ಷ 90 ಸಾವಿರ. ನಮ್ಮ ಒಂದು ರೂಪಾಯಿಗೆ ನೇಪಾಳದ 1.60. ಅಂದರೆ ಹತ್ತಿರ ಹತ್ತಿರ 16 ಲಕ್ಷ ನೇಪಾಳಿ ರೂಪಾಯಿ. ಮನೆ ಬಿದ್ದವರಿಗೆ ಅಲ್ಲಿನ ಸರ್ಕಾರ ಕೊಡುತ್ತಿದ್ದುದು 3 ಲಕ್ಷ, ಅದೂ ಮೂರು ಕಂತಲ್ಲಿ, ಎಂಜಿನಿಯರ್ ಬಂದು ಕಟ್ಟಡ ನೋಡಿ ಒಪ್ಪಿದ ಮೇಲೆ. ಐದು ಮನೆಗೆ ಸಿಗುವಷ್ಟು ಸಹಾಯಧನದ ದುಡ್ಡಲ್ಲಿ ನಾವು 14 ದಿನ ಕಲ್ಲು ಹೊತ್ತೆವು. ಅಲ್ಲಿ ಕಲ್ಲು ಹೊರುವವರಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಭೂಕಂಪ ತಡೆಯುವ ಹಾಗೆ ಗೋಡೆ ಕಟ್ಟೋಕೆ ಕಲಿತ ಗಾರೆಯವರಿಗೆ. ದುಡಿಯುವ ವಯಸ್ಸಿನ ಗಂಡಸರು ಗಲ್ಫ್‌ನಲ್ಲೋ ಮಲೇಷ್ಯಾದಲ್ಲೋ ಇದ್ದರು. ಮಣ್ಣಲ್ಲಿ ಕಟ್ಟಿದ ಕಲ್ಲಿನ ಗೋಡೆ ಯಾಕೆ ಕುಸಿಯಿತು, ಕಿಟಕಿಯ ಮೇಲೂ ಕೆಳಗೂ ಸುತ್ತ ಪಟ್ಟಿ ಯಾಕೆ ಹಾಕಬೇಕು ಅಂತ ಊರಿನ ಒಬ್ಬ ಮೇಸ್ತ್ರಿ ನಮಗೆ ಎರಡು ಸಂಜೆ ಕೂತು ವಿವರಿಸಿದರು. ಸಿವಿಲ್ ಓದುತ್ತಿದ್ದ ನನಗೆ ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಆ ಪಾಠಕ್ಕೆ ನಾವು ಅವರಿಗೆ ಒಂದು ರೂಪಾಯಿ ಕೊಡಲಿಲ್ಲ. ನಮಗೆ ಮಾತ್ರ ಸೇವೆ ಮಾಡಿದ್ದಕ್ಕೆ ಸರ್ಟಿಫಿಕೇಟ್ ಸಿಕ್ಕಿತು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಅದನ್ನು ಹೇಳಿಕೊಂಡೆ. ಅದು ಈಗಲೂ ಚುಚ್ಚುತ್ತದೆ.

ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಹೋಗಿ, ನೋಡಿ, ಅವರ ಮನೆಯಲ್ಲಿ ಉಣ್ಣಿ, ಅದಕ್ಕೆ ಸರಿಯಾದ ದುಡ್ಡು ಕೊಡಿ. ಅದನ್ನು ಕಲಿಕೆ ಅನ್ನಿ, ನೆಂಟತನ ಅನ್ನಿ. ಸೇವೆ ಅನ್ನಬೇಡಿ. ಕಾಂಬೋಡಿಯಾದ ಖಮೇರ್ ಭಾಷೆಯ ಒಂದು ಪದ ಬರದ ಹದಿನಾರರ ಮಕ್ಕಳು ಅಲ್ಲಿನ ಕ್ಲಾಸಿಗೆ ಹೋಗಿ ಪಾಠ ಮಾಡೋದು ಹೇಗೆ? ಕನ್ನಡವೇ ಬರದ ಹುಡುಗರು ಎರಡು ವಾರ ನಮ್ಮ ಸರ್ಕಾರಿ ಶಾಲೆಯಲ್ಲಿ ಟೀಚರನ್ನು ಪಕ್ಕಕ್ಕೆ ಕೂರಿಸಿ ಪಾಠ ಮಾಡುತ್ತೇವೆ ಅಂದರೆ ನಾವು ಒಪ್ಪುತ್ತೇವಾ? ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) 1969ರಿಂದ ಇದೆ. ಕ್ಯಾಂಪು ಬರೀ ಏಳು ದಿನ. ಆದರೂ ಊರಿನವರ ಭಾಷೆ ಮಕ್ಕಳಿಗೆ ಬರುತ್ತದೆ, ದತ್ತು ತಗೊಂಡ ಹಳ್ಳಿಗೆ ಮತ್ತೆ ಹೋಗಬಹುದು, ಊರಿನವರು ಮುಖ ನೋಡಿ ಬೈಯಲೂಬಹುದು.

ಅನಾಥಾಲಯದ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಬೇಡ. ಕಾಂಬೋಡಿಯಾದಲ್ಲೂ ನೇಪಾಳದಲ್ಲೂ ಇಂಥ ಕಡೆ ಇರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ನೇಪಾಳದಲ್ಲಿ ದಲ್ಲಾಳಿಗಳು ದೂರದ ಬೆಟ್ಟದ ಹಳ್ಳಿಗಳಿಗೆ ಹೋಗಿ, ಒಳ್ಳೆ ಸ್ಕೂಲಿಗೆ ಸೇರಿಸುತ್ತೇವೆ ಅಂತ ನಂಬಿಸಿ ಮಕ್ಕಳನ್ನು ಕಠ್ಮಂಡುವಿಗೆ ತಂದಿದ್ದಾರೆ. ನೋಡೋಕೆ ಬರುವವರು, ದುಡ್ಡು ಕೊಡುವವರು ಇರುವ ತನಕ ಮಕ್ಕಳು ಬೇಕಾಗುತ್ತಲೇ ಇರುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಇದರ ಬಗ್ಗೆ ನಿರ್ಣಯವನ್ನೇ ಮಾಡಿದೆ. ಎರಡು ದಿನ ಎತ್ತಿ ಆಡಿಸಿ ಬಿಟ್ಟು ಬಂದರೆ ಆ ಮಗುವಿಗೆ ಏನಾಗುತ್ತದೆ ಅಂತ ಮಕ್ಕಳಿರುವ ಯಾರಿಗಾದರೂ ಗೊತ್ತು.

ಕತ್ರಿಗುಪ್ಪೆಯ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಅಣ್ಣ ನೇಪಾಳದ ಅಛಾಮ್ ಜಿಲ್ಲೆಯವರು. ಗೋರ್ಖಾದಿಂದ ಬಂದ ಎಷ್ಟೋ ತಿಂಗಳ ಮೇಲೆ ಅವರ ಊರು ಯಾವುದು ಅಂತ ನಾನು ಕೇಳಿದ್ದು. ಅವರ ಮಗ ಇಲ್ಲೇ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಾನೆ. ಶನಿವಾರ ಸಂಜೆ ನಾನೂ ಅವನೂ ಕೂತು ಓದುತ್ತೇವೆ. ಅಕ್ಕನ ಮಗಳನ್ನೂ ಬಾ ಅಂದಿದ್ದೇನೆ.

ಸೋಮವಾರ ಅವಳೇ ಪ್ರವಾಸದವರಿಗೆ ಬರೆದು ಕೇಳಿದಳು: ಜೂನ್‌ನಲ್ಲಿ ಆ ಊರಲ್ಲಿ ಗದ್ದೆ ಕೆಲಸ ಇರುತ್ತದಾ? ನಮಗೆ ಅಡುಗೆ ಮಾಡುವವರು ಯಾರು, ಅವರಿಗೆ ಎಷ್ಟು ಕೊಡುತ್ತೀರಿ? ಅನಾಥಾಲಯ ಬಿಟ್ಟುಬಿಡಬಹುದಾ? ಇನ್ನೂ ಉತ್ತರ ಬಂದಿಲ್ಲ. ದುಡ್ಡು ಕಟ್ಟೋಕೆ ಈ ಶುಕ್ರವಾರ ಕೊನೇ ದಿನ.