ಪಾಸಿಗೆ 35, ಪ್ರಮಾಣಪತ್ರಕ್ಕೆ 40

ನನ್ನ ತಂಗಿಯ ಮಗನಿಗೆ ‘ಹಕ್ಕಿ’ ಎಂದು ಬರೆಯಲು ಹೇಳಿದರೆ ‘ಅಕಿ’ ಎಂದು ಬರೆಯುತ್ತಾನೆ. ಅವನ ನೋಟುಪುಸ್ತಕದಲ್ಲಿ ಒತ್ತಕ್ಷರಗಳು ಬಾಡಿಗೆ ಬಾಕಿ ಉಳಿಸಿಕೊಂಡವರಂತೆ ರಾತ್ರೋರಾತ್ರಿ ಜಾಗ ಖಾಲಿ ಮಾಡುತ್ತವೆ. ಬಾಯಿಮಾತಿನಲ್ಲಿ ಕೇಳಿ ನೋಡಿ, ಚಂದ್ರಗ್ರಹಣ ಏಕೆ ಆಗುತ್ತದೆಂದು ನಿಂಬೆಹಣ್ಣು, ಮೂಸಂಬಿ, ಟಾರ್ಚು ಇಟ್ಟು ತೋರಿಸುತ್ತಾನೆ. ಪೆನ್ನು ಕೊಟ್ಟರೆ ಗ್ರಹಣ ಅವನಿಗೇ ಹಿಡಿಯುತ್ತದೆ.

ಅವನು ಎರಡನೆಯ ತರಗತಿಯಲ್ಲಿದ್ದಾಗ ರೋಗನಿರ್ಣಯ ಆರಂಭವಾಯಿತು. ನಾಡಿನಲ್ಲಿ ಮಕ್ಕಳ ಮನೋತಜ್ಞರ ಕೊರತೆಯಿದೆ ಎನ್ನುವವರು ನಮ್ಮ ಬೀದಿಗೆ ಬಂದವರಲ್ಲ. ತರಗತಿಯ ಶಿಕ್ಷಕಿ ಸೋಮಾರಿತನ ಎಂದರು. ಎದುರು ಮನೆಯವರು ಮೊಬೈಲ್ ಎಂದರು. ಮೊಬೈಲ್ ಇಲ್ಲದ ಹುಡುಗ ಎಂದು ತಿಳಿದ ಮೇಲೆ, ಹಾಗಾದರೆ ಮೊಬೈಲ್ ಕೊಡದಿದ್ದುದೇ ಕಾರಣವಿರಬಹುದು ಎಂದರು. ನಮ್ಮಮ್ಮ ಮಾತ್ರ ಮೂಲಕ್ಕೇ ಹೋದರು: “ಅಕ್ಷರಾಭ್ಯಾಸವನ್ನು ಶೃಂಗೇರಿಯಲ್ಲಿ ಮಾಡಿಸಿ ಎಂದು ಬಡಕೊಂಡೆ. ಮನೆಯಲ್ಲೇ ಅಕ್ಕಿ ತಟ್ಟೆಯಲ್ಲಿ ಮುಗಿಸಿದಿರಿ.” ಒಂದೆಲಗದ ತಂಬುಳಿಯನ್ನು ಎರಡು ವರ್ಷ ಕುಡಿದೆವು. ಅದರಿಂದ ಜ್ಞಾಪಕಶಕ್ತಿ ಹೆಚ್ಚುವುದು ನಿಜವಿರಬೇಕು. ಯಾರು ಯಾರು ಯಾವ ಸಲಹೆ ಕೊಟ್ಟರೆಂದು ತಂಗಿಗೆ ಇವತ್ತಿಗೂ ತಾರೀಖಿನ ಸಮೇತ ನೆನಪಿದೆ.

ನಡುವೆ ಒಬ್ಬರು ಮಿಡ್‌ಬ್ರೈನ್ ಆಕ್ಟಿವೇಷನ್ ತರಬೇತಿಯ ಕರಪತ್ರ ತಂದುಕೊಟ್ಟರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಪುಸ್ತಕ ಓದುವ ವಿದ್ಯೆಯಂತೆ. ಕಣ್ಣು ಬಿಟ್ಟು ಓದಲಾಗದ ಹುಡುಗನಿಗೆ ಕಣ್ಣು ಕಟ್ಟಿ ಓದಿಸಲು ಸಾವಿರಾರು ರೂಪಾಯಿ ಶುಲ್ಕ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು, ಈ ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ ಎಂದು ವರ್ಷಗಳಿಂದ ತೋರಿಸಿಕೊಂಡು ಬಂದಿದ್ದಾರೆ. ನಮ್ಮ ಹುಡುಗ ಸಂದಿಯಿಂದ ಇಣುಕಿದರೂ ‘ಅಕಿ’ಯೇ ಕಾಣುತ್ತದೆ ಎಂದು ನಾವು ಹೋಗಲಿಲ್ಲ.

ಕೊನೆಗೆ ನಿಜವಾದ ತಜ್ಞರೊಬ್ಬರು ಸಿಕ್ಕಿ, ಇದು ಡಿಸ್‌ಲೆಕ್ಸಿಯಾ, ಕಲಿಕಾ ನ್ಯೂನತೆ, ಬುದ್ಧಿಗೆ ಏನೂ ಆಗಿಲ್ಲ ಎಂದರು. ಐನ್‌ಸ್ಟೀನ್‌ಗೂ ಹೀಗೇ ಇತ್ತಂತೆ ಎಂದು ಕಾಂಪೌಂಡರ್ ಸೇರಿಸಿದರು. ಆ ದಿನದಿಂದ ಕಂಡವರೆಲ್ಲ ಐನ್‌ಸ್ಟೀನ್‌ನ ಹೆಸರು ಹೇಳುತ್ತಾರೆ. ಐನ್‌ಸ್ಟೀನ್ ನಮ್ಮ ಶಾಲೆಯಲ್ಲಿ ಓದಿದ್ದರೆ ಏನಾಗುತ್ತಿದ್ದ ಎಂದು ಯಾರೂ ಹೇಳುವುದಿಲ್ಲ.

ಕಾನೂನು ನಮ್ಮ ಪಾಲಿಗೆ ಬಂಗಾರದಂಥದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನು 21 ವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಅದನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯ ಕರ್ತವ್ಯ ಎಂದು 16ನೆಯ ಕಲಮಿನಲ್ಲಿದೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಎಲ್ಲವೂ 17ನೆಯ ಕಲಮಿನಲ್ಲಿವೆ. ತಂಗಿ ಇದರ ಪ್ರತಿ ತೆಗೆದುಕೊಂಡು ಹೋಗಿ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿಟ್ಟಳು. ಅವರು ಮೊದಲ ಪುಟ ನೋಡಿದರು, ಕೊನೆಯ ಪುಟ ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿ, “ಇಷ್ಟುದ್ದ ಯಾರು ಓದುತ್ತಾರೆ ತಾಯಿ? ನೀವೇ ಬಾಯಲ್ಲಿ ಹೇಳಿಬಿಡಿ” ಎಂದರು. ಇದೇ ಮಾತನ್ನು ನಮ್ಮ ಹುಡುಗ ತರಗತಿಯಲ್ಲಿ ಹೇಳಿ ಬೆಂಚಿನ ಮೇಲೆ ನಿಂತಿದ್ದ.

ಬಾಯಲ್ಲಿ ಕೇಳಿಸಿಕೊಂಡ ಮೇಲೆ ಸರ್ಟಿಫಿಕೇಟ್ ತನ್ನಿ ಎಂದರು.

ಸರ್ಟಿಫಿಕೇಟಿಗಾಗಿ ಮೊದಲು ಹೋದದ್ದು ತಾಲ್ಲೂಕಿನ ತಪಾಸಣಾ ಶಿಬಿರಕ್ಕೆ. ಶಾಲಾ ಮೈದಾನದಲ್ಲಿ ಶಾಮಿಯಾನ, ಮೂಳೆಗೊಂದು ಮೇಜು, ಕಣ್ಣಿಗೊಂದು, ಕಿವಿಗೊಂದು. ಮನಸ್ಸಿನ ಮೇಜಿನ ಮೇಲೆ ಹೂಗುಚ್ಛಗಳನ್ನು ಇಟ್ಟಿದ್ದರು, ಮನೋವೈದ್ಯರು ಬಂದಿರಲಿಲ್ಲ. ನೋಂದಣಿಯವರು ಹುಡುಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಕಾಲು ಸರಿ ಇದೆಯಲ್ಲ?”

“ಇದೆ ಸಾರ್.”

“ಕಿವಿ?”

“ಕೇಳಿಸುತ್ತದೆ.”

“ಮತ್ತೆ ಚೆನ್ನಾಗಿರುವ ಹುಡುಗನನ್ನು ಏಕಮ್ಮಾ ಕರೆತಂದಿರಿ?”

ಓದಲು ಬರುವುದಿಲ್ಲ ಎಂದಳು ತಂಗಿ. ನಮ್ಮ ಮನೆಯಲ್ಲೂ ಒಬ್ಬ ಇದ್ದಾನೆ ಎಂದು ಅವರು ಸಮಾಧಾನ ಹೇಳಿದರು. ಆದರೂ ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಒಂದು ಊರುಗೋಲು ಕೊಡಲು ಮುಂದಾದರು. ಮರುದಿನ ಪತ್ರಿಕೆಯಲ್ಲಿ ಶಾಸಕರ ಭಾವಚಿತ್ರದ ಹಿಂದೆ ನಮ್ಮ ಹುಡುಗನ ಅರ್ಧ ಮುಖ ಬಂದಿತ್ತು. ಕೆಳಗೆ ‘ಫಲಾನುಭವಿಗಳು’ ಎಂದಿತ್ತು. ಆ ಪದವನ್ನು ಓದಲು ಅವನಿಗೆ ಹತ್ತು ನಿಮಿಷ ಬೇಕಾಯಿತು. ಫಲ ಯಾವುದು ಮಾವ ಎಂದು ಕೇಳಿದ.

ನಂತರ ದೊಡ್ಡಾಸ್ಪತ್ರೆ. ಅಲ್ಲಿ ತಿಳಿಯಿತು, ಈ ನ್ಯೂನತೆಯೂ ಒಂದು ಪರೀಕ್ಷೆಯೇ, ಇದಕ್ಕೂ ವಯೋಮಿತಿ, ಅಂಕ, ಮರುಪರೀಕ್ಷೆಗಳಿವೆ ಎಂದು. ಆಗ ಜಾರಿಯಲ್ಲಿದ್ದ 2018ರ ಕೇಂದ್ರದ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬದೆ ಪ್ರಮಾಣಪತ್ರವಿರಲಿಲ್ಲ. ಮೊದಲು ಬುದ್ಧಿಮಾಪನದಲ್ಲಿ 85 ದಾಟಿ, ದಡ್ಡನಲ್ಲ ಎಂದು ಸಾಬೀತು ಮಾಡಬೇಕಿತ್ತು. ಆಮೇಲೆ ಓದು, ಬರಹ, ಲೆಕ್ಕದಲ್ಲಿ ಮುಗ್ಗರಿಸಿ ತೋರಿಸಬೇಕಿತ್ತು. 14 ತುಂಬಿದಾಗ ಮತ್ತೆ ಬಂದು ಇನ್ನೊಮ್ಮೆ ಮುಗ್ಗರಿಸಬೇಕಿತ್ತು, 18ಕ್ಕೆ ಮಗದೊಮ್ಮೆ. ಆ 18ರ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತವಾಗಿರುತ್ತಿತ್ತು. ಅಂದರೆ ಶಾಲೆಯ ಗಂಟೆ, ಬೆಂಚು, ಬೆತ್ತ ಎಲ್ಲವೂ ಮುಗಿದ ಮೇಲೆ, ಶಾಲೆಯಲ್ಲಿ ಕಷ್ಟವಿತ್ತು ಎಂಬುದಕ್ಕೆ ಶಾಶ್ವತ ದಾಖಲೆ ಸಿಗುತ್ತಿತ್ತು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು.

ಎಂಟನೆಯ ವಯಸ್ಸಿನಲ್ಲಿ ಸಿಕ್ಕ ಪತ್ರದಲ್ಲಿ ನ್ಯೂನತೆ ಶೇಕಡಾ ಎಷ್ಟು ಎಂಬ ಜಾಗ ಖಾಲಿಯಿತ್ತು. ಬಿಟ್ಟುಹೋದ ಒತ್ತಕ್ಷರವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಟೇಪು ನನ್ನಲ್ಲಿಲ್ಲ ಎಂದಿದ್ದರು ಆ ವೈದ್ಯರು. ಪ್ರಾಮಾಣಿಕ ಮನುಷ್ಯ, ಬೇಗ ವರ್ಗವಾದರು. 14ರಲ್ಲಿ ಇನ್ನೊಬ್ಬರು ಜಾಗ ತುಂಬಿಸಿ 35 ಎಂದು ಬರೆದರು. ಹುಡುಗನಿಗೆ ಬದುಕಿನಲ್ಲಿ ಮೊದಲ ಬಾರಿಗೆ ಪಾಸಿನ ಅಂಕ ಬಂತು, ಅದೂ ಬೇಡದ ವಿಷಯದಲ್ಲಿ. ಎಸ್ಸೆಸ್ಸೆಲ್ಸಿಗೆ ಬಹುಕಾಲ 35 ಸಾಕಾಗಿತ್ತು, ಈಚೆಗೆ ಅದನ್ನೂ ಇಳಿಸಿದ್ದಾರೆ. ನ್ಯೂನತೆಗೆ ಮಾತ್ರ ಶೇಕಡಾ 40ಕ್ಕೆ ಕಡಿಮೆ ಬಂದರೆ ಶಾಲೆಯವರು ಫೇಲು, ಲಿಪಿಕಾರ ಸಿಗುವುದಿಲ್ಲ ಎನ್ನುತ್ತಾರೆ. ಗ್ರೇಸ್ ಅಂಕಗಳ ಬಗ್ಗೆ ವಿಚಾರಿಸಿದೆ. ಆ ಸೌಲಭ್ಯ ಇಲ್ಲವಂತೆ.

ಬರೆಯಲು ಕಷ್ಟವಿರುವವರಿಗೆ ಲಿಪಿಕಾರರನ್ನು ಕೊಡಲು 40ರ ಗೆರೆ ಎಳೆಯಬಾರದು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ತೀರ್ಪನ್ನು ಮುದ್ರಿಸಿ ಶಾಲೆಗೆ ಕೊಟ್ಟೆ. ಉದ್ದವಿತ್ತು. ಮತ್ತೆ ಬಾಯಲ್ಲೇ ಹೇಳಿದೆ.

ಅಷ್ಟರಲ್ಲಿ ಶಾಲೆಗೆ ಬೇರೊಂದು ಚಿಂತೆ ಹತ್ತಿತ್ತು. ಗೇಟಿನ ಮೇಲೆ ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ಇತ್ತು. ನೂರು ಬರಬೇಕಾದರೆ ಎರಡು ದಾರಿ: ಎಲ್ಲರಿಗೂ ಕಲಿಸುವುದು, ಇಲ್ಲವೇ ಕೆಲವರಿಗೆ ಒಂಬತ್ತರಲ್ಲೇ ಟಿ.ಸಿ. ಕೊಡುವುದು. ಎರಡನೆಯದರಲ್ಲಿ ಖರ್ಚು ಕಡಿಮೆ. “ನಿಮ್ಮ ಮಗುವಿನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ” ಎಂದು ಶುರುವಾಗುವ ಮಾತು ಟಿ.ಸಿ.ಯಲ್ಲೇ ಮುಗಿಯುತ್ತದೆ ಎಂಬುದು ಇಂತಹ ಮಕ್ಕಳ ಎಲ್ಲ ತಾಯಂದಿರಿಗೂ ಗೊತ್ತು. ತಂಗಿ ಜಗ್ಗಲಿಲ್ಲ. ಅವಳು ಈ ಎಂಟು ವರ್ಷಗಳಲ್ಲಿ ವಕೀಲಿಕೆ, ವೈದ್ಯಕೀಯ, ಅಂಚೆ ಇಲಾಖೆಯ ರಿಜಿಸ್ಟರ್ಡ್ ಟಪಾಲಿನ ನಿಯಮಗಳು ಎಲ್ಲವನ್ನೂ ಕಲಿತುಬಿಟ್ಟಿದ್ದಾಳೆ. ಮನೆಯಲ್ಲಿ ನಿಜವಾಗಿ ಓದಿ ಮುಂದೆ ಬಂದವಳೆಂದರೆ ಅವಳೇ.

ಈಗ ಹುಡುಗ ಹತ್ತನೆಯ ತರಗತಿ. ಲಿಪಿಕಾರ ಮತ್ತು ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯ ಕೋರಿ ಅರ್ಜಿ ಹಾಕಬೇಕಿತ್ತು. ಕಚೇರಿಯ ಗುಮಾಸ್ತರು ನಮೂನೆ ಕೊಟ್ಟು, “ವಿದ್ಯಾರ್ಥಿಯೇ ಸ್ವಹಸ್ತಾಕ್ಷರದಲ್ಲಿ ತುಂಬಬೇಕು” ಎಂದರು. ಕೈಯಲ್ಲಿ ಬರೆಯಲು ಆಗುವುದಿಲ್ಲ ಎಂಬುದನ್ನು ಕೈಯಲ್ಲೇ ಬರೆದುಕೊಡಬೇಕು. ಇಡೀ ಭಾನುವಾರ ಕೂತು ಬರೆದ. ನಾಲ್ಕು ಹಾಳೆ ಹರಿದವು, ಐದನೆಯದರಲ್ಲಿ ಹೆಸರಿನ ಒತ್ತಕ್ಷರವೂ ಉಳಿಯಿತು. ಸೋಮವಾರ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, “ಇಷ್ಟು ಮುದ್ದಾಗಿ ಬರೆಯುವವನಿಗೆ ಲಿಪಿಕಾರ ಏಕೆ ಸ್ವಾಮಿ?” ಎಂದರು.

ಹದಿನೈದು ದಿನಕ್ಕೆ ಹಿಂಬರಹ ಬಂತು. ಅದರಲ್ಲಿ ಹೀಗಿತ್ತು: ‘ಸದರಿ ಅರ್ಜಿಯಲ್ಲಿ ಕಾಗುಣಿತ ದೋಶಗಳಿದ್ದು, ಕಲಿಕಾ ನ್ಯೂನ್ಯತೆ ಪ್ರಮಾಣ ಪತ್ರವು ಅಸ್ಪಸ್ಟವಾಗಿರುವುದರಿಂದ ಹಿಂದಿರುಗಿಸಲಾಗಿದೆ.’

ಮೂರು ಪದಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಕೆಳಗೆ, ‘ಕಚೇರಿಗೆ ಎಂಟು ವರ್ಷ ತುಂಬಿರುವುದರಿಂದ ಪ್ರಮಾಣಪತ್ರಕ್ಕೆ ಅರ್ಹ, ಕೆಲಸದ ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬಹುದು’ ಎಂದು ಶಿಫಾರಸು ಬರೆದು, ಟಪಾಲಿನ ಕಿಟಕಿಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ಮುದ್ರೆ ತಲೆಕೆಳಗಾಗಿ ಬಿದ್ದಿದೆ.